ಕ್ಯಾಸಲ್‌ರಾಕ್‌ನಲ್ಲಿ ಉಪ್ಪಿನ ಕಥೆಯನ್ನೂ ಬರೆಯಿರಿ

ಮಾನ್ಯ ಸಂಪಾದಕರೇ,

ಮಳೆಗಾಲ ಬಂದರೆ ಸಾಕು, ಜೊಯಿಡಾ ತಾಲ್ಲೂಕಿನ ಕ್ಯಾಸಲ್‌ರಾಕ್ ನಿಲ್ದಾಣದ ಫೋಟೊಗಳು ಎಲ್ಲರ ಮೊಬೈಲಿಗೂ ಬರುತ್ತವೆ. ಮಂಜು, ಸುರಂಗ, ದೂಧಸಾಗರ ಎಲ್ಲವೂ ಚೆಂದವೇ. ಆದರೆ ಆ ರೈಲು ದಾರಿ ಯಾವ ಒಪ್ಪಂದದಿಂದ ಬಂತು, ಅದಕ್ಕೆ ಬೆಲೆ ತೆತ್ತವರು ಯಾರು ಅನ್ನುವುದನ್ನು ಯಾರೂ ಹೇಳುವುದಿಲ್ಲ.

1870ರ ದಶಕದಲ್ಲಿ ಘಟ್ಟದ ಕೆಳಗೆ ಪೋರ್ಚುಗೀಸರ ಗೋವಾ, ಮೇಲೆ ಬ್ರಿಟಿಷರ ಆಳ್ವಿಕೆ. ಗೋವಾದ ಆಗರಗಳ, ಅಂದರೆ ಕಡಲ ನೀರು ನಿಲ್ಲಿಸಿ ಉಪ್ಪು ತೆಗೆಯುವ ಗದ್ದೆಗಳ, ಉಪ್ಪು ಅಗ್ಗ. ಲಮಾಣಿಗಳ ಎತ್ತುಗಳ ಬೆನ್ನೇರಿ ಅದು ಘಟ್ಟ ಹತ್ತಿ ನಮ್ಮ ಸೀಮೆಗೆ ಬರುತ್ತಿತ್ತು. ಬ್ರಿಟಿಷರಿಗೋ ಉಪ್ಪಿನ ತೆರಿಗೆಯೇ ದೊಡ್ಡ ವರಮಾನ. ಕದ್ದು ಬರುವ ಉಪ್ಪು ತಡೆಯಲು ಗಡಿಯಲ್ಲಿ ಸುಂಕದ ಚೌಕಿ ಇಟ್ಟು ಕಾಯಬೇಕಿತ್ತು. ಕಾಡಿನ ಗಡಿಯನ್ನು ಎಷ್ಟು ಕಾಯ್ದರೂ ಸಾಲದು. ಹಾಗಾಗಿ ಪೋರ್ಚುಗಲ್ಲಿನ ರಾಜಧಾನಿ ಲಿಸ್ಬನ್ ಜೊತೆಗೇ ಮಾತುಕತೆ ಶುರುವಾಯಿತು. ಬ್ರಿಟನ್ನಿನ ರಾಯಭಾರಿ ರಾಬರ್ಟ್ ಮೋರಿಯರ್, ಪೋರ್ಚುಗಲ್ಲಿನ ವಿದೇಶಾಂಗ ಸಚಿವ ಆಂದ್ರಾದೆ ಕೊರ್ವೊ. 1878ರ ಡಿಸೆಂಬರ್ 26ರಂದು ಸಹಿ ಬಿತ್ತು. 1880ರ ಜನವರಿಯಲ್ಲಿ ಒಪ್ಪಂದ ಜಾರಿಗೆ ಬಂತು.

ಕಾಗದದಲ್ಲಿ ಓದಿದರೆ ಬಹಳ ನ್ಯಾಯವಾಗಿಯೇ ಕಾಣುತ್ತದೆ. ಗಡಿಯಲ್ಲಿ ಸುಂಕ ಇಲ್ಲ, ಗೋವಾದ ಮುರಗಾಂವ್ ಬಂದರಿಗೆ ರೈಲು. ಹುಬ್ಬಳ್ಳಿ ಕಡೆಯ ಹತ್ತಿಗೂ ಕಡಲು ಹತ್ತಿರವಾಗುತ್ತದೆ. ಆದರೆ ಬದಲಿಗೆ ಕೇಳಿದ್ದೇನು ನೋಡಿ. ಗೋವಾದ ಉಪ್ಪಿನ ಮೇಲಿನ ಹಿಡಿತ ಬ್ರಿಟಿಷ್ ಭಾರತ ಸರ್ಕಾರದ ಕೈಗೆ ಹೋಯಿತು. ತಮ್ಮ ಆಗರದಲ್ಲಿ ತಾವೇ ತೆಗೆದ ಉಪ್ಪಿಗೆ ಅಲ್ಲಿನ ಜನ ಬ್ರಿಟಿಷರು ಇಟ್ಟ ದರದಲ್ಲಿ ತೆರಿಗೆ ಕಟ್ಟಬೇಕಾಯಿತು. ಎಷ್ಟೋ ಸಣ್ಣ ಆಗರಗಳು ಮುಚ್ಚಿದವು. ಪೋರ್ಚುಗೀಸ್ ಸರ್ಕಾರಕ್ಕೆ ವರ್ಷಕ್ಕೆ 4 ಲಕ್ಷ ರೂಪಾಯಿ ಪರಿಹಾರವೇನೋ ಸಿಕ್ಕಿತು. ಆದರೆ ಅದು ಆಗರದವರ ಮನೆ ಸೇರಲಿಲ್ಲ. ರೈಲು ಕಂಪನಿ ಹಾಕಿದ ಬಂಡವಾಳಕ್ಕೆ ಬಡ್ಡಿ ಕೊಡುತ್ತೇವೆ ಎಂದು ಪೋರ್ಚುಗೀಸ್ ಸರ್ಕಾರ ಕೊಟ್ಟ ಖಾತ್ರಿಗೆ ಅಡವಾಯಿತು. ಆ ಕಂಪನಿಯೂ ಬ್ರಿಟಿಷರದ್ದೇ!

ಸುಂಕದ ಕಟ್ಟೆ ತೆಗೆದದ್ದು ತಪ್ಪು ಎಂದು ನಾನು ಹೇಳುತ್ತಿಲ್ಲ. ಎರಡು ಸರ್ಕಾರಗಳು ದೂರದ ಲಿಸ್ಬನ್ನಿನಲ್ಲಿ ಕೂತು ಮಾತಾಡುವಾಗ ಉಪ್ಪು ತೆಗೆಯುವವರನ್ನು, ಹೊರುವವರನ್ನು ಒಂದು ಮಾತು ಕೇಳಬೇಕಿತ್ತು ಅಲ್ವಾ? ಬಲವಿದ್ದವರು ಒತ್ತಡ ಹಾಕಿ ಮಾಡಿಸಿದ ಒಪ್ಪಂದವನ್ನು ಮುಕ್ತ ವ್ಯಾಪಾರ ಎಂದು ಕರೆದರೆ ಹೊಟ್ಟೆ ಉರಿಯುತ್ತದೆ. ಕೊನೆಗೆ ಅದೂ ಉಳಿಯಲಿಲ್ಲ. 12 ವರ್ಷಕ್ಕೇ, 1892ರ ಜನವರಿಯಲ್ಲಿ, ಒಪ್ಪಂದ ಮುಗಿಯಿತು. ಸುಂಕದವರು ವಾಪಸು ಬಂದರು. ಈ ಕಡೆ ಕ್ಯಾಸಲ್‌ರಾಕ್, ಆ ಕಡೆ ಗೋವಾದ ಕುಳೆ ನಿಲ್ದಾಣ. ಗೋವಾಕ್ಕೆ ಹೋಗಿ ಬರುವವರ ಗಂಟುಮೂಟೆಗಳನ್ನು ಎರಡೂ ಕಡೆ ಬಿಚ್ಚಿಸುತ್ತಿದ್ದರು.

ನೈಋತ್ಯ ರೈಲ್ವೆಯವರಲ್ಲಿ ನನ್ನದು ಒಂದೇ ಬೇಡಿಕೆ. ಕ್ಯಾಸಲ್‌ರಾಕ್ ನಿಲ್ದಾಣದಲ್ಲಿ ಕನ್ನಡ, ಕೊಂಕಣಿ ಎರಡರಲ್ಲೂ ಒಂದು ಫಲಕ ಹಾಕಿ. ಸುರಂಗಗಳ ಲೆಕ್ಕ, ಎಂಜಿನಿಯರುಗಳ ಸಾಹಸ ಮಾತ್ರ ಸಾಲದು. 1878ರ ಒಪ್ಪಂದ, ಆ 4 ಲಕ್ಷ, ಮುಚ್ಚಿದ ಆಗರಗಳು, ಲಮಾಣಿಗಳ ಉಪ್ಪಿನ ದಾರಿ, ಸುಂಕದ ಚೌಕಿ ಎಲ್ಲವೂ ಅದರಲ್ಲಿ ಇರಲಿ. ಜೊಯಿಡಾ, ದಾಂಡೇಲಿ ಕಡೆಯ ಶಾಲೆಗಳು ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಓದಿಸಲಿ.

ಇತಿ,
ಒಬ್ಬ ಓದುಗ, ದಾಂಡೇಲಿ