ಅಮ್ಮನ ಮದ್ದು ತಂದುಕೊಟ್ಟವರಿಗೆ

2020ರ ಮಾರ್ಚ್ ಕೊನೆಗೆ ಕೊರೋನಾ ಅಂತ ಕೇರಳ-ಕರ್ನಾಟಕದ ನಡುವಿನ ತಲಪಾಡಿ ಗಡಿ ಮುಚ್ಚಿದಾಗ ನಮಗೆ ಕೈಕಾಲೇ ಆಡಲಿಲ್ಲ. ಕಾಸರಗೋಡಿನವರಿಗೆ ದೊಡ್ಡ ಕಾಯಿಲೆ ಅಂದ್ರೆ ಮಂಗಳೂರೇ ಅಲ್ವಾ? ಅಮ್ಮನ ಹಾರ್ಟಿನ ಮಾತ್ರೆ ಬದಿಯಡ್ಕದಲ್ಲಿ ಎಲ್ಲೂ ಸಿಗಲಿಲ್ಲ. ಯಾರೋ ನಿಮ್ಮ ನಂಬರು ಕೊಟ್ಟರು, ಚೀಟಿಯ ಫೋಟೋ ಕಳಿಸಿದೆ, ಮರುದಿನ ಸಂಜೆ ಬೈಕಿನಲ್ಲಿ ಬಂದೇಬಿಟ್ಟಿರಿ. ಗೇಟಿನ ಒಳಗೆ ಬರಲಿಲ್ಲ, ಮಾಸ್ಕ್ ತೆಗೆಯಲಿಲ್ಲ. ಪೊಟ್ಟಣವನ್ನು ಕಂಪೌಂಡಿನ ಮೇಲಿಟ್ಟು ದೂರ ನಿಂತು, "ಅಕ್ಕ, ನಾನು ಸುಮಾರು ಮನೆಗಳಿಗೆ ಹೋಗುವವ, ಅಮ್ಮನಿಗೆ ವಯಸ್ಸಾಗಿದೆ, ನಾನು ಹೋದ ಮೇಲೆ ತೆಗೊಳ್ಳಿ, ಕೈ ಸೋಪು ಹಾಕಿ ತೊಳೆಯಿರಿ" ಅಂದಿರಿ. ಜ್ವರ, ಕೆಮ್ಮು ಇಲ್ಲದವರಿಂದಲೂ ಕೊರೋನಾ ಹರಡುತ್ತದೆ ಅಂದರೆ ಜಾಸ್ತಿ ಜನ ನಂಬದ ಸಮಯ ಅದು. ಸಹಾಯ ಮಾಡುವಾಗಲೂ ಇಷ್ಟು ಜಾಗ್ರತೆ ಮಾಡುವವರನ್ನು ನಾನು ಕಂಡದ್ದು ಕಡಿಮೆ. ಹೆಸರು ಕೇಳಿದರೆ ಸುಮ್ನೆ ಕೈ ಬೀಸಿ ಹೋದಿರಿ. ತುಂಬಾ ಥ್ಯಾಂಕ್ಸ್. ಒಮ್ಮೆ ಮನೆಗೆ ಬನ್ನಿ, ಊಟ ಮಾಡಿಯೇ ಹೋಗಬೇಕು.