ಮಂಡಿ ನೋವಿನ ಮಾತ್ರೆಯನ್ನೂ ಲೆಕ್ಕಕ್ಕೆ ತಗೊಳ್ಳಿ

ಮಾನ್ಯ ಸಂಪಾದಕರೇ,

ಆಪರೇಷನ್‌ಗೆ ಮುಂಚೆ ಅರಿವಳಿಕೆ ವೈದ್ಯರು ‘ಯಾವ್ಯಾವ ಮಾತ್ರೆ ತಗೊಳ್ತಿದ್ದೀರಿ?’ ಎಂದು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ: ‘ಬಿಪಿ, ಶುಗರ್‌ದು ಬಿಟ್ರೆ ಇನ್ನೇನೂ ಇಲ್ಲ ಸಾರ್.’ ಮಂಡಿ ನೋವಿಗೆಂದು ಮೆಡಿಕಲ್ ಶಾಪಿನಿಂದ ತಂದು ವರ್ಷಗಟ್ಟಲೆ ನುಂಗಿದ ಗುಳಿಗೆ, ಉಬ್ಬಸ ಜೋರಾದಾಗಲೆಲ್ಲ ಹಳೇ ಚೀಟಿ ತೋರಿಸಿ ತರುವ ಮಾತ್ರೆ, ಯಾರೋ ಕೊಟ್ಟ ವಾಯು ನೋವಿನ ಪುಡಿ ಇವ್ಯಾವುವೂ ಆ ಲೆಕ್ಕದಲ್ಲಿ ಇರುವುದಿಲ್ಲ. ಅವುಗಳಲ್ಲಿ ಸ್ಟೀರಾಯ್ಡ್ (ಊತ, ನೋವು ತಗ್ಗಿಸುವ, ಹಾರ್ಮೋನಿನಂಥ ಔಷಧ) ಇದ್ದರೆ ನಮಗೆ ತಿಳಿಯಲೇಬೇಕು. ಈ ಕೆಲಸದಲ್ಲೇ ಇರುವವನಾಗಿ ಅದರ ಕಾರಣ ಹೇಳಲು ಬರೆಯುತ್ತಿದ್ದೇನೆ.

ಪೂರ್ತಿ ಅರಿವಳಿಕೆ ಎಂದರೆ ನಿದ್ದೆ ಬರಿಸುವುದಷ್ಟೇ ಅಲ್ಲ. ಗಂಟಲಿಗೆ ನಳಿಕೆ ಹಾಕಲು, ಹೊಟ್ಟೆಯ ಬಿಗಿ ಇಳಿಸಲು ವೆಕ್ಯುರೋನಿಯಂ, ರೋಕ್ಯುರೋನಿಯಂನಂಥ ಸ್ನಾಯು ಸಡಿಲಿಸುವ ಔಷಧ ಕೊಡುತ್ತೇವೆ. ನರದ ತುದಿಯಿಂದ ಹೊರಡುವ ಅಸಿಟೈಲ್‌ಕೋಲಿನ್ ಸ್ನಾಯುವಿಗೆ ಮುಟ್ಟದಂತೆ ಇವು ತಡೆಯುತ್ತವೆ. ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆಯನ್ನು ಬಹಳ ಕಾಲ ತೆಗೆದುಕೊಂಡವರಲ್ಲಿ ಈ ತಡೆ ನಿಧಾನವಾಗಿ ಹಿಡಿದು, ಬೇಗ ಬಿಟ್ಟುಹೋಗುವುದುಂಟು. ಸ್ಟೀರಾಯ್ಡ್‌ನಿಂದ ನರದ ತುದಿಯಲ್ಲಿ ಅಸಿಟೈಲ್‌ಕೋಲಿನ್ ಹೆಚ್ಚು ಬಿಡುಗಡೆಯಾಗುವುದು ಕಾರಣವಿರಬಹುದು ಎನ್ನುತ್ತಾರೆ. ವಿಷಯ ಪೂರ್ತಿ ಇತ್ಯರ್ಥವಾಗಿಲ್ಲ. ಮೊದಲೇ ಗೊತ್ತಿದ್ದರೆ ಇದು ದೊಡ್ಡ ತೊಂದರೆಯೇ ಅಲ್ಲ. ನರಕ್ಕೆ ಸಣ್ಣ ಕರೆಂಟ್ ಕೊಟ್ಟು ಹೆಬ್ಬೆರಳು ಎಷ್ಟು ಮಿಸುಕುತ್ತದೆಂದು ನೋಡುತ್ತಾ ಡೋಸ್ ಹೊಂದಿಸುತ್ತೇವೆ. ಗೊತ್ತಿಲ್ಲದಿದ್ದರೆ, ಸರ್ಜನ್ ಕತ್ತರಿ ಹಿಡಿದಿರುವಾಗಲೇ ಹೊಟ್ಟೆ ಬಿಗಿಯಬಹುದು. ಅಂದಹಾಗೆ, ವೆಕ್ಯುರೋನಿಯಂ, ರೋಕ್ಯುರೋನಿಯಂಗಳ ಅಣುವಿನ ಚೌಕಟ್ಟೂ ಸ್ಟೀರಾಯ್ಡ್‌ನದೇ. ಆದರೆ ಅವಕ್ಕೆ ಹಾರ್ಮೋನಿನ ಗುಣವಿಲ್ಲ, ಹೆದರಬೇಕಾಗಿಲ್ಲ. ವಾಂತಿ ತಡೆಯಲು ನಾವೇ ಕೊಡುವ ಒಂದು ಡೋಸ್ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಬಗ್ಗೆಯೂ ಗಾಬರಿ ಬೇಡ.

ಐಸಿಯುನಲ್ಲಿ ಇದೇ ಜೋಡಿ ಉಲ್ಟಾ ಹೊಡೆಯುತ್ತದೆ. ತೀವ್ರ ಉಬ್ಬಸದವರನ್ನು ವೆಂಟಿಲೇಟರ್‌ಗೆ ಹಾಕಿ, ಭಾರಿ ಪ್ರಮಾಣದ ಸ್ಟೀರಾಯ್ಡ್ ಜೊತೆಗೆ ಸ್ನಾಯು ಸಡಿಲಿಸುವ ಔಷಧವನ್ನೂ ದಿನಗಟ್ಟಲೆ ಕೊಟ್ಟಾಗ ಸ್ನಾಯುವೇ ಸೋಲುವುದುಂಟು. 1977ರಿಂದಲೇ ಇಂಥ ವರದಿಗಳಿವೆ. ಔಷಧ ನಿಲ್ಲಿಸಿದ ಮೇಲೂ ಕೈಕಾಲು ಎತ್ತಲಾಗದೆ ವಾರಗಳು, ಕೆಲವೊಮ್ಮೆ ತಿಂಗಳುಗಳೇ ಹಿಡಿಯುತ್ತವೆ. ಅದಕ್ಕೇ ಈಗ ಇವೆರಡನ್ನು ಒಟ್ಟಿಗೆ ಕೊಡುವ ಅವಧಿಯನ್ನು ಆದಷ್ಟು ಮೊಟಕು ಮಾಡುತ್ತಾರೆ.

ನನ್ನ ಮಟ್ಟಿಗೆ ಇವೆರಡಕ್ಕಿಂತ ಭಯ ಹುಟ್ಟಿಸುವುದು ಮೂರನೆಯದು. ಹೊರಗಿನಿಂದ ಸ್ಟೀರಾಯ್ಡ್ ಬರುತ್ತಲೇ ಇದ್ದರೆ ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿ ತನ್ನ ಕೆಲಸ ನಿಲ್ಲಿಸಿಬಿಡುತ್ತದೆ. ಆಪರೇಷನ್ನಿನ ಒತ್ತಡಕ್ಕೆ ಬೇಕಾದ ಕಾರ್ಟಿಸಾಲ್ (ದೇಹವೇ ತಯಾರಿಸುವ ಸ್ಟೀರಾಯ್ಡ್) ಆಗ ಬರುವುದಿಲ್ಲ, ಏನು ಮಾಡಿದರೂ ಬಿಪಿ ಏರುವುದಿಲ್ಲ. ಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ನಿಲ್ಲಿಸಿ ಶಸ್ತ್ರಚಿಕಿತ್ಸೆಗೆ ಒಳಗಾದ ಸಂಧಿವಾತದ ರೋಗಿಯೊಬ್ಬರು ಹೀಗೇ ತೀರಿಕೊಂಡದ್ದು 1952ರಲ್ಲಿ ಅಮೆರಿಕದಲ್ಲಿ ವರದಿಯಾಯಿತು. ಬ್ರಿಟನ್ನಿನ 2020ರ ಮಾರ್ಗಸೂಚಿಯಂತೆ, ದಿನಕ್ಕೆ 5 ಮಿ.ಗ್ರಾಂ ಅಥವಾ ಹೆಚ್ಚು ಪ್ರೆಡ್ನಿಸೊಲೋನ್ ಅನ್ನು ನಾಲ್ಕು ವಾರ ತೆಗೆದುಕೊಂಡಿದ್ದರೂ ಎಚ್ಚರ ಬೇಕು. ದೊಡ್ಡ ಆಪರೇಷನ್ ಆದರೆ ಅರಿವಳಿಕೆ ಕೊಡುವಾಗಲೇ 100 ಮಿ.ಗ್ರಾಂ ಹೈಡ್ರೋಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಅನ್ನು ರಕ್ತನಾಳಕ್ಕೆ ಕೊಡಬೇಕು. ‘ಆಪರೇಷನ್ ಇದೆ’ ಎಂದು ಮಾತ್ರೆಗಳನ್ನೆಲ್ಲ ತಾವೇ ನಿಲ್ಲಿಸಿ ಬರುವವರಿದ್ದಾರೆ. ಸ್ಟೀರಾಯ್ಡ್ ವಿಷಯದಲ್ಲಿ ಅದನ್ನು ಖಂಡಿತ ಮಾಡಬಾರದು.

ಅದೇ ಬ್ರಿಟನ್ನಿನಲ್ಲಿ ಇಂಥವರ ಕೈಗೆ, ತುರ್ತು ಸಮಯದಲ್ಲಿ ವೈದ್ಯರಿಗೆ ತೋರಿಸಲೆಂದು ‘ಸ್ಟೀರಾಯ್ಡ್ ಎಮರ್ಜೆನ್ಸಿ ಕಾರ್ಡ್’ ಕೊಡುತ್ತಾರೆ. ನಮ್ಮ ಆರೋಗ್ಯ ಇಲಾಖೆ ಕನ್ನಡದಲ್ಲಿ ಅಂಥದ್ದೊಂದನ್ನು ಅಚ್ಚು ಹಾಕಿಸಿದರೆ ಖರ್ಚು ಎಷ್ಟಾದೀತು? ಸ್ಟೀರಾಯ್ಡ್ ಮಾತ್ರೆಗಳು ಕಾನೂನಿನ ‘ಶೆಡ್ಯೂಲ್ ಎಚ್’ ಎಂಬ ಔಷಧ ಪಟ್ಟಿಯಲ್ಲಿವೆ, ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಆ ನಿಯಮ ಕೌಂಟರಿನಲ್ಲಿ ಎಷ್ಟು ನಡೆಯುತ್ತದೆಂದು ಎಲ್ಲರಿಗೂ ಗೊತ್ತು. ವೈದ್ಯ ಮಿತ್ರರೂ ‘ಏನಾದರೂ ಮಾತ್ರೆ?’ ಎಂದು ತೇಲಿಸಿ ಕೇಳುವುದನ್ನು ಬಿಟ್ಟು, ಮಂಡಿ ನೋವು, ಉಬ್ಬಸ, ಚರ್ಮದ ಕಾಯಿಲೆ ಎಂದು ಒಂದೊಂದನ್ನೇ ಹೆಸರಿಸಿ ಕೇಳಬೇಕು. ಓದುಗರಲ್ಲಿ ಕೋರಿಕೆ ಇಷ್ಟೇ: ಹೆಸರು ನೆನಪಿಲ್ಲದಿದ್ದರೆ ಮನೆಯಲ್ಲಿರುವ ಮಾತ್ರೆಯ ಸ್ಟ್ರಿಪ್‌ಗಳನ್ನೆಲ್ಲ, ಖಾಲಿಯಾದವನ್ನೂ ಸೇರಿಸಿ, ಒಂದು ಕವರಿನಲ್ಲಿ ಹಾಕಿಕೊಂಡು ಬನ್ನಿ. ನೋಡಿ ಹೇಳುವ ಕೆಲಸ ನಮ್ಮದು.

ಇಂತಿ,
ಒಬ್ಬ ಅರಿವಳಿಕೆ ತಜ್ಞ
ಹಾಸನ