ಮನೆತನದಲ್ಲಿ ಇದ್ದರೆ ಕೈಚೆಲ್ಲಬೇಕಾ?

ಮಾನ್ಯ ಸಂಪಾದಕರೇ,

2025ರ ಮೇ, ಜೂನ್‌ನಲ್ಲಿ ನಮ್ಮ ಹಾಸನ ಜಿಲ್ಲೆಯಲ್ಲಿ ಸಣ್ಣ ವಯಸ್ಸಿನವರೂ ಹೃದಯಾಘಾತದಿಂದ ಒಬ್ಬರ ಹಿಂದೆ ಒಬ್ಬರು ಹೋದ ಸುದ್ದಿ ಬಂತು. ಜನ ಹೆದರಿ ಮೈಸೂರಿನ ಜಯದೇವ ಆಸ್ಪತ್ರೆಗೆ ನುಗ್ಗಿದರು. ಸಾವು ವಿಪರೀತವೇನೂ ಏರಿಲ್ಲ, ಹಲವರಿಗೆ ಶುಗರ್, ಬಿಪಿ, ಧೂಮಪಾನದಂಥ ಕಾರಣ ಇದ್ದವು ಅಂತ ತಜ್ಞರ ಸಮಿತಿ ಹೇಳಿತು. ಗದ್ದಲ ತಣ್ಣಗಾಯಿತು. ಈಗ ಎಲ್ಲಿ ಕೇಳಿದರೂ 'ಅವರ ಮನೆತನದಲ್ಲೇ ಇತ್ತಂತೆ ಬಿಡಿ' ಅಂತಾರೆ, ಅಲ್ಲಿಗೆ ಮಾತು ಮುಗಿಯಿತು. ನನಗೆ ಸಂಕಟ ಆಗುವುದು ಅಲ್ಲೇ.

ನಮ್ಮ ಮನೆಯಲ್ಲೂ ಇದೆ. ದೊಡ್ಡಪ್ಪ ಐವತ್ತು ದಾಟಲಿಲ್ಲ, ಅಪ್ಪನಿಗೆ ಸ್ಟೆಂಟ್ ಹಾಕಿದೆ. ತಮ್ಮ ಸಿಗರೇಟು ಬಿಡಲ್ಲ. ಕೇಳಿದರೆ 'ಬರೋದಿದ್ರೆ ಬಂದೇ ಬರುತ್ತೆ ಕಣಣ್ಣ' ಅಂತಾನೆ. ಮನೆತನದಲ್ಲಿ ಇದೆ ಅಂದಮೇಲೆ ಉಳಿದವರಿಗಿಂತ ಜಾಸ್ತಿ ಹುಷಾರಾಗಿರಬೇಕು ಅಲ್ವಾ? 55 ಸಾವಿರಕ್ಕೂ ಹೆಚ್ಚು ಜನರ ಮಾಹಿತಿ ನೋಡಿದ ಒಂದು ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಸಿಗರೇಟು ಸೇದದೆ ಇರುವುದು, ಬೊಜ್ಜು ಬರದಂತೆ ನೋಡಿಕೊಳ್ಳುವುದು, ವ್ಯಾಯಾಮ, ಒಳ್ಳೆಯ ಊಟ, ಈ ನಾಲ್ಕರಲ್ಲಿ ಮೂರನ್ನಾದರೂ ಪಾಲಿಸಿದವರಲ್ಲಿ, ವಂಶವಾಹಿಯಿಂದಲೇ ಅಪಾಯ ಹೆಚ್ಚಿದ್ದರೂ ಸಹ, ಹೃದಯದ ಕಾಯಿಲೆ ಹತ್ತಿರ ಹತ್ತಿರ ಅರ್ಧದಷ್ಟು ಕಡಿಮೆ ಇತ್ತು. ತಮ್ಮನಿಗೆ ಇದನ್ನು ತೋರಿಸಿದ್ದೇನೆ, ಇನ್ನೂ ತೋರಿಸುತ್ತೇನೆ.

ಇನ್ನೊಂದು ಸಂಗತಿ ಪಕ್ಕದ ಮೈಸೂರಿನದೇ. ಅಲ್ಲಿನ ಮಿಷನ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ ಬರೆದಿಟ್ಟಿದ್ದರು. ಆ ಮಕ್ಕಳು ದೊಡ್ಡವರಾದ ಮೇಲೆ ಸಂಶೋಧಕರು ಅವರನ್ನು ಹುಡುಕಿ ಪರೀಕ್ಷಿಸಿದರು. ಹುಟ್ಟುವಾಗ ತೂಕ ಕಡಿಮೆ ಇದ್ದವರಲ್ಲಿ ಹೃದಯದ ಕಾಯಿಲೆ ಜಾಸ್ತಿ ಕಂಡಿತು. 1996ರಲ್ಲಿ ಈ ಫಲಿತಾಂಶ ಪ್ರಕಟವಾಗಿದೆ. ತೂಕಕ್ಕೆ ತಾಯಿಯ ಊಟ ಒಂದೇ ಕಾರಣ ಅಂತಲ್ಲ, ಆದರೆ ಅದು ದೊಡ್ಡ ಕಾರಣ, ಮತ್ತು ನಮ್ಮ ಕೈಲಿರುವ ಕಾರಣ. ಹೊಟ್ಟೆಯಲ್ಲಿರುವಾಗ ಆಹಾರ ಸಾಲದಿದ್ದರೆ ಮಗುವಿನ ದೇಹ ಮೊದಲು ಮಿದುಳನ್ನು ಉಳಿಸಿಕೊಳ್ಳುತ್ತದೆ, ಉಳಿದ ಅಂಗಗಳಿಗೆ ಕೊರತೆ ಬೀಳುತ್ತದೆ, ಮುಂದೆ ಶುಗರ್ ಮತ್ತು ಹೃದಯದ ತೊಂದರೆಗೆ ಇದೇ ದಾರಿ ಅನ್ನುವುದು ಅವರ ವಿವರಣೆ.

ನಮ್ಮ ಸಕಲೇಶಪುರದ ಕಡೆ ಕಾಫಿ ಕೊಯ್ಲಿನ ಕಾಲದಲ್ಲಿ ತೋಟಕ್ಕೆ ಬಂದು ನೋಡಿ. ತುಂಬು ಬಸುರಿಯರು ಸೊಂಟಕ್ಕೆ ಚೀಲ ಕಟ್ಟಿಕೊಂಡು ಹಣ್ಣು ಬಿಡಿಸುತ್ತಿರುತ್ತಾರೆ. ಬೆಳಿಗ್ಗೆ ಒಂದು ಲೋಟ ಚಹಾ, ಮಧ್ಯಾಹ್ನ ತಣ್ಣಗಾದ ಬುತ್ತಿ. ಗರ್ಭಿಣಿಯರಿಗೆ ಬಿಸಿಯೂಟ ಕೊಡುವ ಮಾತೃಪೂರ್ಣ ಯೋಜನೆ 2017ರಲ್ಲೇ ಬಂದಿದೆ, ಒಳ್ಳೆಯ ಯೋಜನೆ. ಆದರೆ ಏರು ಹತ್ತಿ ಅಂಗನವಾಡಿಗೆ ಹೋಗಿ ಉಂಡು ಬಂದರೆ ಅರ್ಧ ದಿನದ ಕೂಲಿ ಹೋಗುತ್ತದೆ.

ಕೊಯ್ಲಿನ ತಿಂಗಳುಗಳಲ್ಲಾದರೂ ಆ ಊಟ, ಮೊಟ್ಟೆ ತೋಟದ ಕೂಲಿಯವರು ಇರುವ ಲೈನ್ ಮನೆಗಳಿಗೇ ತಲುಪಲಿ. ತಾಲ್ಲೂಕು ಆಸ್ಪತ್ರೆಗೆ ಹೃದಯಾಘಾತ ಆದವರು ಬಂದರೆ, ಅವರ ಅಣ್ಣತಮ್ಮಂದಿರು, ಅಕ್ಕತಂಗಿಯರು, ಮಕ್ಕಳನ್ನೂ ಕರೆಸಿ ಬಿಪಿ, ಶುಗರ್, ಕೊಲೆಸ್ಟ್ರಾಲ್ ನೋಡಲಿ. ಜಿಲ್ಲಾಡಳಿತ ಇವೆರಡನ್ನೂ ಈ ವರ್ಷವೇ ಶುರು ಮಾಡಬೇಕು ಅಂತ ನಿಮ್ಮ ಪತ್ರಿಕೆ ಮೂಲಕ ಕೇಳುತ್ತಿದ್ದೇನೆ.

ಒಬ್ಬ ಓದುಗ, ಸಕಲೇಶಪುರ